ಬುಧವಾರದವರೆಗೆ ಒಂದು ಬೆನ್ನು

ನಮ್ಮ ನರ್ಸಿಂಗ್ ಸ್ಕೂಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಆರೈಕೆಯಾಗುತ್ತಿದ್ದ ಚರ್ಮವೆಂದರೆ ಒಂದು ಪ್ಲಾಸ್ಟಿಕ್ ಗೊಂಬೆಯದು. ರಾಣೆಬೆನ್ನೂರಿನ ಒಂದು ಬೀಜದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಸ್ಕೂಲಿತ್ತು. ಕೆಳಗೆ ಹತ್ತಿ ಬೀಜ, ಗೋವಿನಜೋಳದ ಬೀಜ, ಮೇಲೆ ನಾವು. ಗೊಂಬೆಯನ್ನು ತಂದ ದಿನ ಅದಕ್ಕೆ ಹೊದಿಸಿದ್ದ ತೆಳು ಕವರನ್ನು ನಾನು ಸೇರಿದಾಗಲೂ ಯಾರೂ ತೆಗೆದಿರಲಿಲ್ಲ. ತೆಗೆದರೆ ಮೈ ಮಾಸುತ್ತದೆ ಎಂಬುದು ಪ್ರಿನ್ಸಿಪಾಲರ ಚಿಂತೆ. ಹಾಸಿಗೆ ಹಿಡಿದ ರೋಗಿಗೆ ಸ್ನಾನ ಮಾಡಿಸುವುದನ್ನು ನಾವು ಆ ಕವರಿನ ಮೇಲೆಯೇ ಕಲಿತೆವು. ನೀರು ಮುಟ್ಟಿಸುವಂತಿರಲಿಲ್ಲ. ಖಾಲಿ ಬೇಸಿನ್ನಿನಲ್ಲಿ ಒಣ ಬಟ್ಟೆ ಅದ್ದಿ, ಹಿಂಡಿ, ಒಣ ಗೊಂಬೆಯನ್ನು ಒರೆಸಿ, ಮತ್ತೊಂದು ಒಣ ಬಟ್ಟೆಯಿಂದ ಒಣಗಿಸುತ್ತಿದ್ದೆವು. ಮೂರು ವರ್ಷದಲ್ಲಿ ಆ ಗೊಂಬೆಗೆ ಒಂದು ಗೆರೆಯೂ ಬೀಳಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ನೋಡಿಕೊಂಡಿದ್ದೆವು ನೋಡಿ.

ನಾನು ಬ್ಯಾಡಗಿಯವಳು. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಚರ್ಮದ ಕೆಲಸಗಳು ಏಳು ಎಂದು ನಮಗೆ ಬರೆಸಿದ್ದರು. ಹೊರಗಿನಿಂದ ಕಾಯುವುದು, ಸ್ಪರ್ಶ ತಿಳಿಸುವುದು, ಮೈಯ ಬಿಸಿ ಹದದಲ್ಲಿಡುವುದು, ಬೆವರು ಹೊರಹಾಕುವುದು, ನೀರು ಹಿಡಿದಿಡುವುದು, ಔಷಧ ಹೀರುವುದು, ಬಿಸಿಲಿನಿಂದ ಜೀವಸತ್ವ ಮಾಡುವುದು. ಕನ್ನಡ ಶಾಲೆಯಲ್ಲಿ ಕಲಿತ ನಾನು ಇದನ್ನೇ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಬೇಕಿತ್ತು. ಕಿಟಕಿಯ ಪಕ್ಕ ಕೂತು, ಕಣ್ಣು ಮುಚ್ಚಿ, ಬೆರಳು ಮಡಚುತ್ತ ಮೋಟೆಬೆನ್ನೂರು ದಾಟುವವರೆಗೆ ಒದರುತ್ತಿದ್ದೆ. ಒಂದು ದಿನ ಕಂಡಕ್ಟರ್ ಟಿಕೆಟ್ ಹರಿಯುತ್ತ, "ಐದನೇದು ಬಿಟ್ಟಿ ನೋಡು ತಂಗಿ" ಎಂದ. ಖರೇನೇ ಬಿಟ್ಟಿದ್ದೆ. ಅವನನ್ನೇ ಪರೀಕ್ಷೆಗೆ ಕೂರಿಸಿದ್ದರೆ ಪಾಸಾಗುತ್ತಿದ್ದ.

ನಮ್ಮ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆ ಹಾವೇರಿಯ ಒಂದು ಆಸ್ಪತ್ರೆಯಲ್ಲಿ ಎಂದಾಯಿತು. ಇದು ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದಾಗಿನ ಮಾತು. ಎರಡು ವಾರ ಮೊದಲೇ ಒಬ್ಬೊಬ್ಬ ವಿದ್ಯಾರ್ಥಿನಿ ಒಬ್ಬೊಬ್ಬ ರೋಗಿಯನ್ನು ಆರಿಸಿಕೊಂಡು, ಆರೈಕೆ ಮಾಡಿ, ಪುಸ್ತಕ ಬರೆದು, ಪರೀಕ್ಷೆಯ ದಿನ ಮಂಚದ ಪಕ್ಕ ನಿಂತು ಪರೀಕ್ಷಕರಿಗೆ ತೋರಿಸಬೇಕು. ಹೊರಗಿನಿಂದ ಬರುವ ಪರೀಕ್ಷಕಿ ಮೊದಲು ನೋಡುವುದೇ ರೋಗಿಯ ಬೆನ್ನು ಎಂದು ಸುದ್ದಿ ಬಂದಿತ್ತು. ನಮ್ಮ ಟ್ಯೂಟರ್ ಮೇಡಂ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು.

"ಬೆನ್ನಿನ್ಯಾಗ ಏನಾರ ಇದ್ರ ನಿಮಗ ಮಾತಾಡಾಕ ಬರತೈತಿ. ಮಲಗಿ ಮಲಗಿ ಆದ ಹುಣ್ಣು ಯಾವ ಹಂತದಾಗೈತಿ, ಯಾಕ ಆತು, ನೀವು ಏನ್ ಮಾಡಿದ್ರಿ, ಎಲ್ಲಾ ಹೇಳಬಹುದು. ಏನೂ ಇಲ್ಲದ ಬೆನ್ನ ಮುಂದ ನಿಂತು ಏನು ಹೇಳ್ತೀರಿ?"

ಅವತ್ತೇ ವಾರ್ಡುಗಳಲ್ಲಿ ಬೆನ್ನುಗಳ ಬೇಟೆ ಶುರುವಾಯಿತು. ಪಾರ್ಶ್ವವಾಯು ಆದವರು, ಸೊಂಟ ಮುರಿದವರು, ಬಹಳ ದಿನದಿಂದ ಮಲಗಿದವರು ಒಂದೇ ಗಂಟೆಯಲ್ಲಿ ಖರ್ಚಾದರು. "ನಿಂದು ಎಷ್ಟು ದೊಡ್ಡದೈತಿ?" ಎಂದು ಗೆಳತಿಯರು ಊಟದ ಹೊತ್ತಿಗೆ ಕೇಳಿಕೊಳ್ಳುತ್ತಿದ್ದರು. ಒಬ್ಬಳಿಗೆ ಅಂಗೈ ಅಗಲದ್ದು ಸಿಕ್ಕಿತ್ತು. ಅವಳ ನಡಿಗೆಯೇ ಬದಲಾಗಿಹೋಯಿತು. ನಮಗೆಲ್ಲ ಅವಳ ಮೇಲೆ ಹೊಟ್ಟೆಯುರಿ.

ನನ್ನ ಪಾಲಿಗೆ ಬಂದವಳು ನಮ್ಮ ಬ್ಯಾಡಗಿಯ ಒಬ್ಬ ಮುದುಕಿ. ಮೆಣಸಿನಕಾಯಿ ದಲಾಲಿ ಅಂಗಡಿಯ ಅಂಗಳದಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುವ ಕೆಲಸದವಳು. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮೇಲ್ಗಡೆ ಮುರಿದಿತ್ತು. ಕಾಲಿಗೆ ಅಂಟುಪಟ್ಟಿ ಸುತ್ತಿ, ಅದಕ್ಕೆ ಹಗ್ಗ ಬಿಗಿದು, ಹಗ್ಗದ ತುದಿಗೆ ಎರಡು ಇಟ್ಟಿಗೆ ಕಟ್ಟಿ ಮಂಚದ ಕಾಲಕಡೆ ಇಳಿಬಿಟ್ಟಿದ್ದರು. ಎಲುಬಿನ ಡಾಕ್ಟರು ಹುಬ್ಬಳ್ಳಿಯಿಂದ ಗುರುವಾರಕ್ಕೊಮ್ಮೆ ಬರುವವರು. ಅವಳಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಎರಡು ವಾರ ಕಾಯಬೇಕೆಂದಿದ್ದರು. ನಾನು ಪಕ್ಕದಲ್ಲಿ ಇರುವಾಗಲೇ ಅವರು ಅವಳ ಮಗಳಿಗೆ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ.

"ಸಕ್ಕರೆ ಇಳಿದಿರಬೇಕು, ಬೆನ್ನಿನ ಚರ್ಮ ಬಿರಿದಿರಬಾರದು. ಹುಣ್ಣು ಇಟ್ಕೊಂಡು ಕೊಯ್ದರೆ ಒಳಗೆ ಹಾಕೋ ಲೋಹಕ್ಕೆ ಕೀವು ಹತ್ತತ್ತೆ. ಅವತ್ತು ತಪ್ಪಿದರೆ ತಡ ಆಗತ್ತೆ, ತಡ ಆದರೆ ನಡೀತಾರೆ ಅಂತ ನಾನು ಖಾತ್ರಿ ಕೊಡಲ್ಲ."

ನಮ್ಮ ಪರೀಕ್ಷೆ ಬುಧವಾರ ಇತ್ತು. ಅವಳ ಆಪರೇಷನ್ನು ಅದರ ಮರುದಿನ.

ಮುದುಕಿಗೆ ನಡೆಯುವುದೆಂದರೆ ಒಂದೇ ಅರ್ಥ. "ನನ್ನ ಕಾಲಮ್ಯಾಗ ನಾ ಬಯಲಕಡೆ ಹೋಗಿ ಬಂದ್ರ ಸಾಕವಾ" ಎನ್ನುತ್ತಿದ್ದಳು. "ಮಗಳ ಕೈಲೆ ಎತ್ತಿಸ್ಕೊಂಡು ಕುಂದ್ರೂ ಬಾಳೇವು ಬ್ಯಾಡ." ಹಾಸಿಗೆಯ ಕೆಳಗೆ ಪಾತ್ರೆ ಇಡುವಾಗಲೆಲ್ಲ ಸೆರಗಿನಿಂದ ಮುಖ ಮುಚ್ಚಿಕೊಂಡುಬಿಡುತ್ತಿದ್ದಳು. ಮಗಳು ಹಗಲು ಬ್ಯಾಡಗಿಯಲ್ಲಿ ತೊಟ್ಟು ಬಿಡಿಸಲು ಹೋಗಿ, ಸಂಜೆಯ ಬಸ್ಸಿಗೆ ಹಾವೇರಿಗೆ ಬಂದು ಬೆಳತನಕ ತಾಯಿಯ ಹತ್ತಿರ ಇರುತ್ತಿದ್ದಳು. ಹಾಗಾಗಿ ಹಗಲಿನ ಬೆನ್ನು ನನ್ನದು, ಉಳಿದದ್ದು ಮಗಳದು.

ಮೊದಲ ದಿನ ನಾನು ಪುಸ್ತಕ ತೆರೆದಿಟ್ಟುಕೊಂಡು ಅವಳ ಬೆನ್ನು ನೋಡಿದೆ. ಪುಸ್ತಕದಲ್ಲಿದ್ದ ಬೆನ್ನುಗಳೆಲ್ಲ ಬಿಳಿಯರವು. ಗುಲಾಬಿ ಮೈ, ಅದರ ಮೇಲೆ ಕುಂಕುಮದಂಥ ಕೆಂಪು. ಕೆಳಗೆ "ಒತ್ತಿದರೆ ಬೆಳ್ಳಗಾಗುತ್ತದೆಯೇ ನೋಡಿ" ಎಂಬ ಸೂಚನೆ. ನನ್ನ ಮುದುಕಿ ಹೆಂಚಿನ ತಳದಷ್ಟು ಕಪ್ಪು. ಎಲ್ಲಿ ಒತ್ತಿದರೂ ಯಾವ ಬಣ್ಣವೂ ಬದಲಾಗಲಿಲ್ಲ. ನಾನು ಪೆದ್ದಿಯ ಹಾಗೆ ಬೆನ್ನಿನ ತುಂಬ ಬೆರಳು ಒತ್ತುತ್ತಾ ಹೋದೆ.

"ಏನ್ ಹುಡುಕಾಕತ್ತೀ ನನ್ನವ್ವ?"

"ಕೆಂಪಗ ಎಲ್ಲಾಗೇತಿ ಅಂತ ನೋಡಾಕತ್ತೇನಬೇ."

"ನನ್ನ ಮೈಯಾಗ ಕೆಂಪು ಹುಡುಕ್ತಿಯೇನ?" ಎಂದು ಅವಳು ಇಟ್ಟಿಗೆ ಅಲುಗುವಷ್ಟು ನಕ್ಕಳು. ಆಮೇಲೆ ತಾನೇ ಕೈ ಹಿಂದೆ ಹಾಕಿ ಕುಂಡಿಯ ಮೇಲಿನ ಎಲುಬು ತೋರಿಸಿದಳು. "ಇಲ್ಲಿ ಉರೀತೈತಿ. ಅಂಗಳದಾಗ ಕುಂತಲ್ಲೇ ಕುಂತ್ರ ಹಿಂಗ ಆಕ್ಕೈತಿ. ಅದಕ್ಕ ನಾವು ಒಂದೊಂದು ಬುಟ್ಟಿ ಮುಗದಂಗ ಸರಕೊಂಡು ಕುಂದರತೇವಿ. ಇಲ್ಲಿ ಎಲ್ಲಿ ಸರಕೊಳ್ಳೂದು? ಇಟ್ಟಂಗಿ ಕಟ್ಟ್ಯಾರ."

ನಾನು ಬೆರಳ ಹಿಂಬದಿಯಿಂದ ಅಲ್ಲಿ ಮುಟ್ಟಿದೆ. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿತ್ತು, ಗಟ್ಟಿಯಾಗಿತ್ತು. ಮೂರು ವರ್ಷ ನಾನು ಬಾಯಿಪಾಠ ಮಾಡಿದ್ದನ್ನು ಅವಳು ಬುಟ್ಟಿಯ ಲೆಕ್ಕದಲ್ಲಿ ಕಲಿತಿದ್ದಳು. ನನಗೆ ನಾಚಿಕೆಯಾಯಿತು. ಆದರೂ ಕೇಸ್ ಪುಸ್ತಕದಲ್ಲಿ ಸ್ಕೆಚ್ ಪೆನ್ನಿನಿಂದ ಕೆಂಪಗೇ ಬರೆದೆ. ಚಿತ್ರಕ್ಕೆ ಬೇರೆ ಅಂಕವಿತ್ತು.

ಹತ್ತು ದಿನ ನಾನು ಅವಳನ್ನು ಚೆನ್ನಾಗಿ ನೋಡಿಕೊಂಡೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ಮುಂದಿನದಕ್ಕೆ ಬೇಕು. ಎರಡು ತಾಸಿಗೊಮ್ಮೆ ಆಯಾಳನ್ನು ಕರೆದುಕೊಂಡು, ಹಗ್ಗ ಜಗ್ಗದ ಹಾಗೆ ಮುದುಕಿಯನ್ನು ಸ್ವಲ್ಪ ಓರೆ ಮಾಡಿ, ಬೆನ್ನ ಹಿಂದೆ ದಿಂಬು ಕೊಟ್ಟು ನಿಲ್ಲಿಸುತ್ತಿದ್ದೆ. ಹಾಸಿಗೆಯ ಸುಕ್ಕು ತೆಗೆದು, ಒದ್ದೆಯಾದ ಸೀರೆ ಕೂಡಲೇ ಬದಲಿಸುತ್ತಿದ್ದೆ. ರಬ್ಬರ್ ಕೈಗವಸಿನಲ್ಲಿ ನೀರು ತುಂಬಿ ಗಂಟು ಹಾಕಿ ಹಿಮ್ಮಡಿಯ ಕೆಳಗಿಡುತ್ತಿದ್ದೆ. ಅದನ್ನು ನೋಡಿ ಅವಳು, "ಆಕಳ ಕೆಚ್ಚಲ ತಂದಿಟ್ಟಿ ನೋಡವಾ" ಎಂದು ನಗುತ್ತಿದ್ದಳು. ಮಗಳಿಗೂ ಹೀಗೆ ಮಗ್ಗಲು ಹೊಳ್ಳಿಸುವುದನ್ನು ಕಲಿಸಿಕೊಟ್ಟೆ. ಅವಳು ನನಗಿಂತ ಹಗುರ ಕೈಯವಳು, ಒಂದೇ ಸಲಕ್ಕೆ ಕಲಿತಳು. ಹತ್ತನೆಯ ದಿನಕ್ಕೆ ಆ ಜಾಗ ತಣ್ಣಗಾಗಿತ್ತು, ಮೆತ್ತಗಾಗಿತ್ತು. ಸಕ್ಕರೆಯೂ ಇಳಿದಿತ್ತು. ನನಗಾದ ಸಂತೋಷ ಹೇಳತೀರದು. ಯಾರ ಮೈಮೇಲಾದರೂ ನಾನು ಮಾಡಿದ ಮೊದಲ ಒಳ್ಳೆಯ ಕೆಲಸ ಅದು.

ಭಾನುವಾರ ಟ್ಯೂಟರ್ ಮೇಡಂ ಎಲ್ಲರ ಬೆನ್ನುಗಳನ್ನು ನೋಡಲು ಬಂದರು. ಅಂಗೈ ಅಗಲದ ಹುಣ್ಣಿನ ಮುಂದೆ ನಿಂತು, "ಭೇಷ್" ಎಂದರು. ನನ್ನ ಮುದುಕಿಯ ಸೀರೆ ಸರಿಸಿ ನೋಡಿದರು, ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು. ಅವರ ಮುಖ ಬಾಡಿತು.

"ಎಲ್ಲೇತಿ?"

"ಮಾಯ್ತ್ರಿ ಮೇಡಂ" ಎಂದೆ. ನನಗೆ ಹಿಗ್ಗು.

ಅವರು ನನ್ನ ರೆಟ್ಟೆ ಹಿಡಿದು ಕಾರಿಡಾರಿಗೆ ಎಳೆದರು. "ಬುಧವಾರದ ತನಕಾ ತಡಕೊಳ್ಳಾಕ ಆಗಲಿಲ್ಲೇನ ನಿನಗ? ಬಂದವರಿಗೆ ಏನ್ ತೋರಸ್ತಿ? ಪುಸ್ತಕದಾಗ ಮೊದಲನೇ ಹಂತದ ಹುಣ್ಣು ಅಂತ ಬರದೀದಿ, ಚಿತ್ರ ತಗದೀದಿ, ಬೆನ್ನ ನೋಡಿದ್ರ ಕೂಸಿನ ಬೆನ್ನ ಆಗೇತಿ. ಎಲ್ಲಾ ಸುಳ್ಳು ಬರದಾಳ ಅಂತಾರ ಅವರು. ಫೇಲ್ ಮಾಡ್ತಾರ."

"ಬ್ಯಾರೆ ಪೇಷಂಟ್ ತಗೋಳ್ಳೇನ್ರಿ?"

"ಎಲ್ಲಿ ಉಳದಾವ ಬ್ಯಾರೆ?" ಎಂದು ಕಾರಿಡಾರಿನ ಎರಡೂ ಕಡೆ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಎರಡು ದಿನಾ ಹಂಗ ಬಿಡು. ಒಂಚೂರು ಕಂಡ್ರ ಸಾಕು. ಬುಧವಾರ ಮುಗದಮ್ಯಾಲ ಮತ್ತ ಮಾಯಿಸ್ಕೊ. ನಾ ಏನೂ ಹೇಳಿಲ್ಲ ಮತ್ತ."

ಒಂದು ಮಾತು ಹೇಳಿಬಿಡುತ್ತೇನೆ. ಟ್ಯೂಟರ್ ಮೇಡಂ ಕೆಟ್ಟವರಲ್ಲ. ನಮ್ಮಲ್ಲಿ ಯಾರಾದರೂ ಫೇಲಾದರೆ ಪ್ರಿನ್ಸಿಪಾಲರು ಅವರನ್ನು ಎಲ್ಲರೆದುರು ನಿಲ್ಲಿಸಿ ಬೈಯುತ್ತಿದ್ದರು. ನಾನೂ ಕೆಟ್ಟವಳಲ್ಲ ಎಂದುಕೊಂಡಿದ್ದೆ. ಎರಡು ದಿನ ತಾನೇ, ಒಂಚೂರು ಬಿಸಿಯಾದರೆ ಗುರುವಾರ ಬೆಳಗ್ಗೆಯೊಳಗೆ ತಣ್ಣಗಾಗುತ್ತದೆ ಎಂದು ನನ್ನಷ್ಟಕ್ಕೆ ನಾನೇ ಪಾಠ ಹೇಳಿಕೊಂಡೆ. ಅರವತ್ತು ದಾಟಿದ, ಸಕ್ಕರೆ ಕಾಯಿಲೆಯ ಚರ್ಮ ಟೈಂಟೇಬಲ್ ನೋಡಿಕೊಂಡು ಮಾಯುತ್ತದೆ ಎಂದು ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ. ನನಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮುಂದೆ ಅಂಕ ಕೊಟ್ಟರು.

ಸೋಮವಾರ ನಾನು ಅವಳನ್ನು ಹೊಳ್ಳಿಸಲಿಲ್ಲ. ಆದರೆ ಮಗ್ಗಲು ಬದಲಿಸಿದ ಪಟ್ಟಿಯನ್ನು ಬೆಳಿಗ್ಗೆಯೇ ಕೂತು ಸಂಜೆಯವರೆಗೆ ತುಂಬಿದೆ. ಎಂಟಕ್ಕೆ ಎಡ, ಹತ್ತಕ್ಕೆ ಅಂಗಾತ, ಹನ್ನೆರಡಕ್ಕೆ ಬಲ. ಮುದುಕಿ ಮಧ್ಯಾಹ್ನ ಒಮ್ಮೆ, "ಇವತ್ತ ದಿಂಬ ಕೊಡೂದಿಲ್ಲೇನವಾ?" ಎಂದು ಕೇಳಿದಳು. "ಕೊಡ್ತೇನಿ ತಡಿ" ಎಂದು ಔಷಧದ ಟ್ರೇ ಎತ್ತಿಕೊಂಡು ಆಚೆ ಹೋದೆ. ಮತ್ತೆ ಅವಳು ಕೇಳಲಿಲ್ಲ.

ಸಂಜೆ ಮಗಳು ಬಂದಳು. ಕೈಗೆ ಎಣ್ಣೆ ಹಚ್ಚಿಕೊಂಡಿದ್ದಳು, ಮೆಣಸಿನಕಾಯಿಯ ಉರಿಗೆ. ಬಂದವಳೇ ತಾಯಿಯ ಬೆನ್ನ ಹಿಂದೆ ಕೈ ಹಾಕಲು ಹೋದಳು. ಅವಳ ಕೈಯಲ್ಲಿ ಬಿಟ್ಟರೆ ಒಂದೇ ಹೊತ್ತಿಗೆ ಎಲ್ಲ ಮಾಯಿಸಿಬಿಡುತ್ತಾಳೆಂದು ನನಗೆ ದಿಗಿಲಾಯಿತು.

"ಎರಡು ದಿನಾ ಹೊಳ್ಳಸಬ್ಯಾಡ್ರಿ" ಎಂದೆ. "ಆಪರೇಶನ್ ಹತ್ರ ಬಂತು. ಈಗ ಹೊಳ್ಳಿಸಿದ್ರ ಇಟ್ಟಂಗಿ ತೂಕ ಜಾರಿ ಎಲುಬು ಸರೀತೈತಿ."

ಮಗಳು ಗಾಬರಿಯಾಗಿ ಕೈ ಹಿಂದೆ ತೆಗೆದುಕೊಂಡಳು. "ಹೌದೇನ್ರಿ? ಚೊಲೋ ಆತು ಹೇಳಿದ್ದು." ನನ್ನ ಬಿಳಿ ಬಟ್ಟೆಯ ಮೇಲೆ ಅವಳಿಗೆ ಅಷ್ಟು ನಂಬಿಕೆ. ಮುದುಕಿ ಮಾತ್ರ ದಿಂಬಿನ ಮೇಲೆ ತಲೆ ಹೊರಳಿಸಿ ನನ್ನನ್ನೇ ನೋಡುತ್ತಿದ್ದಳು. ನಾನು ನನ್ನ ಬಸ್ಸಿಗೆ ಹೊತ್ತಾಯಿತೆಂದು ಓಡಿದೆ.

ಬುಧವಾರ ಬೆಳಿಗ್ಗೆ ನಾನು ಸೀರೆ ಸರಿಸಿ ನೋಡಿದೆ. ಒಂಚೂರು ಕಂಡರೆ ಸಾಕು ಎಂದಿದ್ದರು. ಅಲ್ಲಿ ರೂಪಾಯಿ ಅಗಲಕ್ಕೆ ಮೇಲ್ಚರ್ಮ ಸುಲಿದು, ಒಳಗಿನ ಹಸಿ ಕೆಂಪು ಪುಸ್ತಕದ ಚಿತ್ರದ ಹಾಗೆ ಹೊಳೆಯುತ್ತಿತ್ತು. ಕಡೆಗೂ ಅವಳ ಮೈಯಲ್ಲಿ ನಾನು ಕೆಂಪು ತಂದಿದ್ದೆ. ಮೊದಲನೇ ಹಂತ ಎಂದು ಬರೆದಿದ್ದ ಕಡೆ ವೈಟ್ನರ್ ಹಚ್ಚಿ, ಊದಿ ಒಣಗಿಸಿ, ಎರಡನೇ ಹಂತ ಎಂದು ತಿದ್ದಿದೆ.

ಪರೀಕ್ಷಕಿ ಹತ್ತೂವರೆಗೆ ನನ್ನ ಮಂಚಕ್ಕೆ ಬಂದರು. ಬೆನ್ನು ನೋಡಿ ತಲೆದೂಗಿದರು. ಚರ್ಮದ ಕೆಲಸಗಳೇನು ಎಂದು ಕೇಳಿದರು. ಮೊದಲನೆಯದು ಕಾಯುವುದು ಎಂದು ಶುರುಮಾಡಿ ಏಳನ್ನೂ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿದೆ, ಐದನೆಯದನ್ನೂ ಬಿಡಲಿಲ್ಲ. ಹುಣ್ಣು ಹೇಗಾಗುತ್ತದೆ ಎಂದರು. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕ ಚರ್ಮಕ್ಕೆ ರಕ್ತ ಹರಿಯದೆ ಸಾಯುತ್ತದೆ ಎಂದೆ. ತಡೆಯುವುದು ಹೇಗೆ ಎಂದರು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸಬೇಕು ಎಂದು ಹೇಳಿ ಪಟ್ಟಿಯನ್ನು ಮುಂದೆ ಹಿಡಿದೆ. ಅವರು ಪಟ್ಟಿ ನೋಡಿ, ಬಗ್ಗಿ ಮುದುಕಿಯನ್ನೇ ಕೇಳಿದರು.

"ಈ ಹುಡುಗಿ ನಿಮ್ಮನ್ನ ಹೊಳ್ಳಿಸಿ ಮಲಗಸ್ತಾಳೇನಮ್ಮಾ?"

ಮುದುಕಿ ನನ್ನ ಕಡೆ ನೋಡದೆ ಹೇಳಿದಳು.

"ಹೊಳ್ಳಸ್ತಾಳ್ರಿ. ಎರಡ ತಾಸಿಗೊಮ್ಮಿ ಬರತಾಳ. ಹೆತ್ತ ಮಗಳ ಹಂಗ ನೋಡ್ಯಾಳ್ರಿ."

ಮೊದಲ ಹತ್ತು ದಿನದ್ದು ನೆನಪಿಟ್ಟುಕೊಂಡು ಹೇಳುತ್ತಿದ್ದಾಳೆ, ಪಾಪ, ವಯಸ್ಸಾದವಳಿಗೆ ದಿನ ಗೊಂದಲವಾಗಿದೆ ಎಂದುಕೊಂಡೆ. ಹಾಗಂದುಕೊಳ್ಳುವುದು ಅನುಕೂಲವಾಗಿತ್ತು. ಆ ಪರೀಕ್ಷೆಯಲ್ಲಿ ನಮ್ಮ ಸ್ಕೂಲಿಗೆ ನಾನೇ ಮೊದಲಿಗಳಾದೆ. ಅಂಗೈ ಅಗಲದವಳನ್ನೂ ಹಿಂದೆ ಹಾಕಿದ್ದೆ.

ಗುರುವಾರ ಎಲುಬಿನ ಡಾಕ್ಟರು ಬಂದರು. ಸಕ್ಕರೆಯ ಕಾಗದ ನೋಡಿ ಖುಷಿಪಟ್ಟರು, ಮುದುಕಿಯನ್ನು ಓರೆ ಮಾಡಿಸಿದರು, ಕೈ ತೊಳೆದುಕೊಂಡರು. ಇವತ್ತು ಆಗುವುದಿಲ್ಲ ಎಂದು ಹೇಳಿ ಮುಂದಿನ ಮಂಚಕ್ಕೆ ಹೋದರು. ಅಷ್ಟೇ. ಮಗಳು ಅವರ ಹಿಂದೆ ಬಾಗಿಲವರೆಗೆ ಓಡಿ, ಅಲ್ಲೇ ನಿಂತಳು. ನಾನು ಆ ವಾರವಿಡೀ ಯಾರೂ ಹೇಳದಿದ್ದರೂ ಹಾವೇರಿಗೆ ಹೋಗಿ ಆ ಬೆನ್ನನ್ನು ತೊಳೆದೆ, ಒಣಗಿಸಿದೆ, ಎರಡು ತಾಸು ಯಾಕೆ, ತಾಸಿಗೊಮ್ಮೆ ಹೊಳ್ಳಿಸಿದೆ. ಮಗಳು ನನ್ನ ಕೈ ಹಿಡಿದು ಅತ್ತಳು, ಇಷ್ಟು ಯಾರು ಮಾಡುತ್ತಾರೆ ಎಂದು. ಅದು ಮಾಯಲು ನಾಲ್ಕು ಗುರುವಾರ ಬೇಕಾದವು. ಆಮೇಲೆ ಆಪರೇಷನ್ ಆಯಿತೆಂದು ಕೇಳಿದೆ. ನಾನು ಅಷ್ಟರಲ್ಲಿ ರಾಣೆಬೆನ್ನೂರಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಹೋಗಿ ನೋಡುವ ಧೈರ್ಯ ಬರಲಿಲ್ಲ, ರಜೆ ಸಿಗಲಿಲ್ಲ ಎಂದು ಎಲ್ಲರಿಗೂ ಹೇಳಿದೆ.

ಮುಂದಿನ ಮೆಣಸಿನಕಾಯಿ ಸುಗ್ಗಿಯಲ್ಲಿ ಒಂದು ದಿನ ಬ್ಯಾಡಗಿಯ ಪೇಟೆಯಲ್ಲಿ ಮೂಗಿಗೆ ಸೆರಗು ಹಿಡಿದು ನಡೆಯುತ್ತಿದ್ದೆ. ಒಂದು ದಲಾಲಿ ಅಂಗಡಿಯ ಅಂಗಳದಿಂದ, "ಏ ನನ್ನವ್ವಾ!" ಎಂದು ಕೂಗು ಕೇಳಿತು. ಹತ್ತು ಹನ್ನೆರಡು ಹೆಂಗಸರ ನಡುವೆ ನನ್ನ ಮುದುಕಿ ದಪ್ಪ ಚೀಲ ಮಡಚಿ ಹಾಕಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮಗಳು. ಇಬ್ಬರ ಮುಂದೆಯೂ ಕೆಂಪು ರಾಶಿ. ಊರುಗೋಲು ಏನಾದರೂ ಇದೆಯೇ ಎಂದು ನಾನು ಮೊದಲು ಅದನ್ನೇ ನೋಡಿದೆ. ಏನೂ ಕಾಣಲಿಲ್ಲ. ಅಬ್ಬಾ, ನಡೆಯುತ್ತಾಳೆ ಎಂದು ನನ್ನ ಮೈ ಹಗುರಾಯಿತು.

ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲರಿಗೂ ತೋರಿಸಿದಳು.

"ಈಕಿ ನಮ್ಮೂರಾಕೀನ, ದೊಡ್ಡ ನರ್ಸ್ ಆಗ್ಯಾಳ. ನನ್ನ ಬೆನ್ನಮ್ಯಾಲ ಪಾಸಾದಾಕಿ! ಬೆನ್ನಾಗ ಹುಣ್ಣಿಲ್ಲಂದ್ರ ಫೇಲ್ ಮಾಡ್ತಾರ ಅಂತ ಇವರ ಮೇಡಂ ಬಾಗಿಲದಾಗ ನಿಂತು ಬೈದ್ಲು. ನನಗ ಎಲ್ಲಾ ಕೇಳಸ್ತು. ಕೂಸು ಮೂರು ವರ್ಷ ಓದೇತಿ, ನನ್ನ ದೆಸಿಂದ ಯಾಕ ಫೇಲ್ ಆಗಬೇಕು? ಹಲ್ಲ ಕಡಕೊಂಡು ಎರಡು ದಿನಾ ಅಂಗಾತ ಮಕ್ಕೊಂಡೆ. ಮರತು ಒಮ್ಮಿ ದಿಂಬ ಕೇಳಿದ್ದೆ, ಆಮ್ಯಾಲ ಹೊಳ್ಳಸು ಅಂತ ಕೇಳಲೇ ಇಲ್ಲ."

ಹೆಂಗಸರು ನಕ್ಕರು. ಒಬ್ಬಳು, "ಹಂಗಾರ ಅರ್ಧಾ ಮಾರ್ಕ್ಸ್ ನಿನಗ ಬರಬೇಕು ತಗೊ" ಎಂದಳು. ನಾನೂ ಹಲ್ಲು ಬಿಟ್ಟೆ, ಬೇರೇನು ಮಾಡಲಿ. ಮಗಳ ಕೈ ಮಾತ್ರ ನಿಂತಿತ್ತು. ಅವಳು ಅರ್ಧ ತೊಟ್ಟು ಬಿಡಿಸಿದ ಕಾಯನ್ನು ಹಿಡಿದು ನನ್ನನ್ನೇ ನೋಡುತ್ತಿದ್ದಳು.

"ಎಲುಬು ಸರೀತೈತಿ ಅಂದಿದ್ರೆಲ್ರಿ ನೀವು" ಎಂದಳು.

ಮುದುಕಿಗೆ ಈ ಮಾತು ಕಿವಿಗೆ ಬಿದ್ದಂತಿರಲಿಲ್ಲ. ಅವಳು ಮುಖ ಸಣ್ಣದು ಮಾಡಿಕೊಂಡು ಮಗಳ ಸೆರಗು ಜಗ್ಗಿ, "ಬಯಲಕಡೆ ಹೋಗಬೇಕಾಗೇತಿ, ಎತ್ತವಾ" ಎಂದು ಪಿಸುಗುಟ್ಟಿದಳು. ಮಗಳು ಎದ್ದು ಸೆರಗು ಸಿಕ್ಕಿಸಿಕೊಂಡಳು. ನಾನೂ ಎದ್ದು ಮುದುಕಿಯ ಇನ್ನೊಂದು ರೆಟ್ಟೆಗೆ ಕೈ ಹಾಕಿದೆ.

"ಬ್ಯಾಡ್ರಿ" ಎಂದು ಮಗಳು ನನ್ನ ಕೈಯನ್ನು ಸರಿಸಿದಳು. "ದಿನಾ ನಾನ ಎತ್ತತೇನಿ."

ಅವಳು ತಾಯಿಯ ತೋಳಿನ ಕೆಳಗೆ ಎರಡೂ ಕೈ ಕೊಟ್ಟು, ಕೂಸನ್ನು ಎತ್ತುವ ಹಾಗೆ ಎತ್ತಿಕೊಂಡಳು. ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು.